ಅಣ್ವಸ್ತ್ರ ಕಮಾಂಡ್: ಮೊದಲ ಏಟು ಬಿದ್ದ ಮೇಲೆ ಏನು?

ಭಾರತದ ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಸೇನಾ ವಿಭಾಗವಾದ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್ ಬಗ್ಗೆ ಮತ್ತೆ ಮತ್ತೆ ಅವೇ ಪ್ರಶ್ನೆಗಳು ಬರುತ್ತಿವೆ. ಉದ್ದ ಉತ್ತರ ಬೇಕಿರುವುದು ಒಂದಕ್ಕೆ ಮಾತ್ರ.

ಪ್ರಶ್ನೆ: ಸಿಟ್ಟು ಬಂದರೆ ಕಮಾಂಡರ್ ತಾವೇ ಕ್ಷಿಪಣಿ ಹಾರಿಸಬಹುದೇ?

ಇಲ್ಲ. ಅಪ್ಪಣೆ ಕೊಡುವ ಅಧಿಕಾರ ಪ್ರಧಾನಿ ಅಧ್ಯಕ್ಷರಾಗಿರುವ ರಾಜಕೀಯ ಮಂಡಳಿಯದು. ಸಿನಿಮಾ ನೋಡಿ ಈ ಪ್ರಶ್ನೆ ಕೇಳಬೇಡಿ.

ಪ್ರಶ್ನೆ: ನಾವು ಮೊದಲು ಅಣ್ವಸ್ತ್ರ ಬಳಸಲ್ಲ ಅಂದಿದ್ದೇವೆ. ಶತ್ರು ದೆಹಲಿಗೇ ಹೊಡೆದರೆ ಎಲ್ಲ ಮುಗೀತು ಅಲ್ವಾ? ಆಮೇಲೆ ಕಮಾಂಡ್ ಇದ್ದು ಏನು ಪ್ರಯೋಜನ?

ಮುಗಿಯಬಾರದು ಅಂತಲೇ ಅದನ್ನು ಕಟ್ಟಿದ್ದು. 2003ರ ಜನವರಿ 4ರಂದು ಸರ್ಕಾರ ಈ ಕಮಾಂಡ್‌ಗೆ ಮುಖ್ಯಸ್ಥರ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಅವತ್ತೇ ಎರಡು ಮಾತು ಹೇಳಿತು. ನಮ್ಮ ತಿರುಗೇಟು ಭಾರಿಯಾಗಿರುತ್ತದೆ, ಶತ್ರು ತಾಳಲಾರದಷ್ಟು ನಷ್ಟ ಮಾಡುತ್ತದೆ. ಎಂಥ ಸ್ಥಿತಿ ಬಂದರೂ ಅಪ್ಪಣೆ ಹೋಗಲು ಬದಲಿ ವ್ಯವಸ್ಥೆ ಇರುತ್ತದೆ. ಟಿವಿಯವರು ಮೊದಲ ಮಾತನ್ನೇ ಕೂಗುತ್ತಾರೆ. ನನಗೆ ಎರಡನೆಯದೇ ಜಾಸ್ತಿ ಮುಖ್ಯ. ದೆಹಲಿಯಿಂದ ಉತ್ತರ ಬರದಿದ್ದರೂ ಬೇರೆ ಕಡೆಯಿಂದ ಬಂದೇ ಬರುತ್ತದೆ ಎಂದು ಗೊತ್ತಿದ್ದರೆ, ಮೊದಲು ಹೊಡೆದು ಶತ್ರುವಿಗೆ ಏನು ಲಾಭ?

ಅಪ್ಪಣೆ ಉಳಿದರೆ ಸಾಲದು, ಅಸ್ತ್ರವೂ ಉಳಿಯಬೇಕು. ಅದಕ್ಕೇ ಎಲ್ಲವನ್ನೂ ಒಂದೇ ದಾರಿಗೆ ಬಿಟ್ಟಿಲ್ಲ. ಅಗ್ನಿ ಕ್ಷಿಪಣಿಗಳನ್ನು ರಸ್ತೆ, ರೈಲಿನಲ್ಲಿ ಸಾಗಿಸಬಹುದು. ವಿಮಾನಗಳೂ ಇವೆ. ಹುಡುಕಲು ತೀರಾ ಕಷ್ಟವಾದದ್ದು ಸಮುದ್ರದಡಿಯ ಜಲಾಂತರ್ಗಾಮಿ. ಇಂಥ ಜಲಾಂತರ್ಗಾಮಿ ಐಎನ್‌ಎಸ್ ಅರಿಹಂತ್ ತನ್ನ ಮೊದಲ ಗಸ್ತು ಮುಗಿಸಿದ ಸುದ್ದಿ 2018ರ ನವೆಂಬರ್‌ನಲ್ಲಿ ಬಂತು. ಇನ್ನೊಂದು, ಅರಿಘಾತ್, 2024ರ ಆಗಸ್ಟ್‌ನಲ್ಲಿ ನೌಕಾಪಡೆಗೆ ಸೇರಿತು. ಬಾಂಬ್ ಎಷ್ಟಿವೆ ಎಂದು ಸುಮ್ನೆ ಎಣಿಸುತ್ತಾ ಕೂರುವವರು ಈ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ.

ಉಳಿದಂತೆ ತಾಲೀಮು. ಒಡಿಶಾ ಕರಾವಳಿಯಿಂದ ಪೃಥ್ವಿ-2, ಅಗ್ನಿ-1 ಕ್ಷಿಪಣಿಗಳನ್ನು ಹಾರಿಸುವುದು ಪಡೆಯ ಕೈ ಪಳಗಿರಲಿ ಎಂದು. ಅದನ್ನು 'ಪಾಕಿಸ್ತಾನಕ್ಕೆ ದಿಢೀರ್ ಎಚ್ಚರಿಕೆ' ಅನ್ನುವುದು ಬೇಜವಾಬ್ದಾರಿ. ಇಂಥ ಪರೀಕ್ಷೆಗಳನ್ನು ಪರಸ್ಪರ ಮೊದಲೇ ತಿಳಿಸುವ ಒಪ್ಪಂದ 2005ರಲ್ಲೇ ಆಗಿದೆ. ಅಣ್ವಸ್ತ್ರ ಇರುವ ಎರಡು ದೇಶಗಳ ನಡುವೆ ಗಾಬರಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಪ್ರಶ್ನೆ: ಗೋಡೆಗೆ ಸಗಣಿ ಸಾರಿಸಿದರೆ ವಿಕಿರಣ ತಾಗಲ್ಲವಂತೆ?

ಶುದ್ಧ ಸುಳ್ಳು. ಗಾಮಾ ಕಿರಣ ತಡೆಯಲು ದಪ್ಪ ಕಾಂಕ್ರೀಟ್ ಅಥವಾ ಮಣ್ಣು ಬೇಕು. ಹೀಗೆ ಹೇಳಿಕೊಡುವವರನ್ನು ನಂಬಿ ಮಕ್ಕಳ ಜೀವ ಪಣಕ್ಕಿಡಬೇಡಿ. ಅಯೋಡಿನ್ ಮಾತ್ರೆಯೂ ಕವಚವಲ್ಲ. ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಗ್ರಂಥಿಯನ್ನು ಕಾಯುತ್ತದೆ, ಅಷ್ಟೇ.

ಪ್ರಶ್ನೆ: ಬಾಂಬ್‌ಗಳನ್ನು ಎಲ್ಲಿಟ್ಟಿದ್ದಾರೆ?

ಇದಕ್ಕೆ ನಾನು ಊಹೆಯನ್ನೂ ಬರೆಯುವುದಿಲ್ಲ. ನಕ್ಷೆ ಬಿಡಿಸಿ ಹಂಚುವವರ ವಿಡಿಯೊಗಳನ್ನು ದಯವಿಟ್ಟು ನನಗೆ ಕಳಿಸಬೇಡಿ.