ದೋಣಿಗೆ ಕಾಯುವಾಗ ಏನು ತಿನ್ನೋದು?

ಈ ಸಲದ ಪತ್ರಗಳಲ್ಲಿ ನೀರಿನ ದಡದ ಊಟದ ಬಗ್ಗೆ ಕೇಳಿದವರೇ ಜಾಸ್ತಿ. ಮೂವರಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಡಿಸೆಂಬರ್ ರಜೆಗೆ ಮನೆಮಂದಿಯೆಲ್ಲ ಮಲ್ಪೆಗೆ ಹೊರಟಿದ್ದೇವೆ. ಸೇಂಟ್ ಮೇರಿಸ್ ದ್ವೀಪದ ಬೋಟ್‌ಗೆ ಕಾಯುವ ಹೊತ್ತಲ್ಲಿ ಸಮುದ್ರ ಕಾಣುವ ಹೋಟೆಲ್‌ನಲ್ಲಿ ಕೂತು ಮೀನೂಟ ಮಾಡಬೇಕು ಅನ್ನೋದು ನಮ್ಮ ಯಜಮಾನರ ಆಸೆ. ಅತ್ತೆ ಮೀನು ಮುಟ್ಟಲ್ಲ. ಮಗಳಿಗೆ ಬಸ್ಸಲ್ಲೇ ವಾಂತಿ ಬರುತ್ತೆ. ಹೇಗೆ ಮಾಡೋದು?
(ಓದುಗರೊಬ್ಬರು, ವಿಜಯನಗರ)

ಉತ್ತರ: ಯಜಮಾನರ ಆಸೆ ಸರಿಯಾಗಿದೆ, ಹೊತ್ತು ಸರಿಯಿಲ್ಲ. ಮೀನೂಟ ದ್ವೀಪದಿಂದ ವಾಪಸ್ ಬಂದ ಮೇಲೆ ಮಾಡಿ. ಹೋಗುವ ಮುಂಚೆ ಬೇಡ.

ಯಾಕೆ ಅಂದರೆ, ಅಲ್ಲಿನ ದೊಡ್ಡ ಬೋಟ್‌ಗಳು ಗಡಿಯಾರ ನೋಡಿಕೊಂಡು ಹೊರಡುವುದಿಲ್ಲ, ಜನ ತುಂಬಿದ ಮೇಲೆ ಹೊರಡುತ್ತವೆ. ರಜೆ ದಿನ ಬೇಗ ತುಂಬುತ್ತದೆ, ವಾರದ ಮಧ್ಯೆ ಹೋದರೆ ಸುಮ್ನೆ ಕಾಯಬೇಕು. ಅಂದರೆ ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಇತ್ತ ಮೀನಿಗೆ ಅವಸರ ಆಗಿಬರುವುದಿಲ್ಲ. ಬಂಗುಡೆಯ ಮೈಗೆ ಅಡ್ಡಡ್ಡ ಗೀರು ಹಾಕಿ, ಕೆಂಪು ಮೆಣಸಿನ ಮಸಾಲೆ ಆ ಗೀರಿನೊಳಗೂ ಇಳಿಯುವ ಹಾಗೆ ಹಚ್ಚಿ, ಕಾದ ಕಾವಲಿ ಮೇಲೆ ಇಡುತ್ತಾರೆ. ಒಂದು ಮಗ್ಗುಲು ಗರಿಗರಿ ಆಗುವ ತನಕ ಅದನ್ನು ಮಗುಚುವಂತಿಲ್ಲ, ಮಗುಚಿದರೆ ಮಸಾಲೆಯೆಲ್ಲ ಕಾವಲಿಗೆ ಅಂಟಿ ಮೀನು ಬೋಳಾಗಿ ಎದ್ದು ಬರುತ್ತದೆ. ಮಧ್ಯಾಹ್ನದ ಹೊತ್ತಲ್ಲಿ ಅದೇ ಕಾವಲಿ ಮೇಲೆ ನಿಮಗಿಂತ ಮುಂಚೆ ಬಂದವರ ಮೀನೂ ಇರುತ್ತದೆ. ತಟ್ಟೆಗೆ ಬಂದ ಮೇಲೆ ಮುಳ್ಳು ಬಿಡಿಸುವ ಕೆಲಸ ಬೇರೆ. ಆಗ ಬೋಟ್‌ನವರು ಕೂಗಿದರೆ ಅರ್ಧ ತಿಂದು ಏಳಬೇಕು, ಬಿಲ್ ಮಾತ್ರ ಪೂರ್ತಿ.

ಹಾಗಾಗಿ ಬೆಳಗ್ಗೆ ಉಡುಪಿಯಲ್ಲೇ ತಿಂಡಿ ಮುಗಿಸಿ. ಮಲ್ಪೆ ಅಲ್ಲಿಂದ 6 ಕಿಲೋಮೀಟರ್ ಅಷ್ಟೇ. ಅತ್ತೆಯವರ ಚಿಂತೆಯೂ ಅಲ್ಲೇ ಮುಗಿಯುತ್ತದೆ, ಉಡುಪಿಯಲ್ಲಿ ಸಸ್ಯಾಹಾರಿಗಳಿಗೆ ಏನು ಬರ? ಬಂದರಿಗೆ ಹೋದ ತಕ್ಷಣ ಮೊದಲು ಟಿಕೆಟ್ ತಗೊಳ್ಳಿ, ಆಮೇಲೆ ಹೋಟೆಲ್ ಕಡೆ ನೋಡಿ. ಕಾಯುವಾಗ ತಯಾರಿರುವುದನ್ನು ಕೇಳಿ: ಗೋಳಿಬಜೆ, ಬನ್ಸ್, ಟೀ. ಬೋಟ್ ಬಂದರೆ ಪೊಟ್ಟಣ ಕಟ್ಟಿಸಿಕೊಂಡು ಏಳಬಹುದು. ಆ ಪೊಟ್ಟಣದ ಕಸವನ್ನು ಮಾತ್ರ ದ್ವೀಪದಲ್ಲಿ ಬಿಟ್ಟು ಬರಬೇಡಿ. ಮಗಳಿಗೆ ಗೋಳಿಬಜೆ ಬೇಡ, ಎಣ್ಣೆ ಪದಾರ್ಥ ತಿಂದು ಅಲೆ ಮೇಲೆ ಹೋದರೆ ಕಷ್ಟ. ಹಾಗಂತ ಬರೀ ಹೊಟ್ಟೆಯೂ ಒಳ್ಳೆಯದಲ್ಲ. ಒಂದೆರಡು ಇಡ್ಲಿ ತಿನ್ನಿಸಿ, ಬೋಟ್‌ನ ನಡುವೆ ಕೂರಿಸಿ, ದೂರದ ಗೆರೆ ನೋಡು ಅನ್ನಿ. ಮೊಬೈಲ್ ಕೊಡಬೇಡಿ. ವಾಂತಿ ಮಾತ್ರೆ ಕೊಡುವುದಾದರೆ ಇಲ್ಲಿಂದ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ.

ದ್ವೀಪಕ್ಕೆ ಬೆಳಗ್ಗೆಯೇ ಹೋಗಿ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಲಾವಾ ಉಕ್ಕಿ, ತಣ್ಣಗಾಗುತ್ತಾ ಸೀಳಿಕೊಂಡು ಆದಂಥವು. ನೋಡಲು ಚೆಂದ, ಆದರೆ ಬಿಸಿಲೇರಿದ ಮೇಲೆ ಕಾಲಿಡಲು ಆಗುವುದಿಲ್ಲ. ಮಧ್ಯಾಹ್ನಕ್ಕೆ ದಡಕ್ಕೆ ಬಂದರೆ ಹೊಟ್ಟೆಯೂ ಹಸಿದಿರುತ್ತದೆ, ಕೈಯಲ್ಲಿ ಸಮಯವೂ ಇರುತ್ತದೆ. ಆಗ ಕೂತುಕೊಳ್ಳಿ. ಮುಳ್ಳಿನ ಭಯ ಇದ್ದರೆ ಅಂಜಲ್ ಅಥವಾ ಕಾಣೆ ಮೀನು ಹೇಳಿ. ಮೆನುವಿನಲ್ಲಿ ಮೀನಿನ ಮುಂದೆ ರೇಟ್ ಇಲ್ಲದೆ 'ಸೈಜ್ ಪ್ರಕಾರ' ಅಂತ ಇದ್ದರೆ ಮೀನು ತೋರಿಸಿ ಅನ್ನಿ, ರೇಟ್ ಕೇಳಿ, ಆಮೇಲೆ ಆರ್ಡರ್ ಕೊಡಿ. ಇದರಲ್ಲಿ ನಾಚಿಕೆ ಏನಿಲ್ಲ. ಸಮುದ್ರ ಕಾಣುವ ಟೇಬಲ್‌ಗೆ ನಾಲ್ಕು ಕಾಸು ಜಾಸ್ತಿ ಆಗುವುದು ಸಹಜ. ಬೆಂಗಳೂರಲ್ಲಿ ಕೆರೆಯೇ ಕಾಣದ 'ಲೇಕ್ ವ್ಯೂ'ಗಳಿಗೆ ನಾವು ದುಡ್ಡು ಕೊಡುತ್ತಿಲ್ಲವಾ, ಇಲ್ಲಿ ಸಮುದ್ರವಾದರೂ ನಿಜವಾಗಿ ಇರುತ್ತದೆ!

ಪ್ರಶ್ನೆ: ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಪಕ್ಕ ಮೀನು ಕೊಂಡರೆ ಹತ್ತಿರದ ಅಂಗಡಿಯವರು ಅಡುಗೆ ಮಾಡಿ ಕೊಡ್ತಾರಂತೆ. ನಂಬಬಹುದಾ? ಎರ್ನಾಕುಲಂಗೆ ವಾಪಸ್ ಹೋಗುವ ಬೋಟ್ ತಪ್ಪಿಹೋಗಲ್ವಾ?
(ಓದುಗರೊಬ್ಬರು, ಮಾರತ್ತಹಳ್ಳಿ)

ಉತ್ತರ: ಕೊಡುತ್ತಾರೆ, ಆದರೆ ಎರಡು ಲೆಕ್ಕ ಇರುತ್ತದೆ. ಮೀನಿನ ಕಿಲೋ ರೇಟ್ ಒಂದು, ಅಡುಗೆ ಕೂಲಿ ಇನ್ನೊಂದು. ಎರಡನ್ನೂ ಮೊದಲೇ ಬಾಯಿಬಿಟ್ಟು ಕೇಳಿ. ಎದುರಿಗಿರುವ ಬಲೆಯಿಂದಲೇ ಈಗ ತಾನೇ ಎತ್ತಿದ ಮೀನು ಅಂತ ಹೇಳಿದರೆ ನಕ್ಕು ಸುಮ್ಮನಾಗಿ, ಸಾಲಾಗಿ ಕಟ್ಟಿದ ಕಲ್ಲುಗಳ ಭಾರಕ್ಕೆ ಏಳುವ ಆ ಬಲೆಯಲ್ಲಿ ಒಂದು ಸಲಕ್ಕೆ ಸಿಗುವುದು ಸ್ವಲ್ಪವೇ. ಮೀನನ್ನು ನೀವೇ ನೋಡಿ ಆರಿಸಿ: ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು.

ಬೋಟ್ ಚಿಂತೆ ಇಲ್ಲಿ ಕಡಿಮೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ಈಗ ಫೋರ್ಟ್ ಕೊಚ್ಚಿಗೂ ಬರುತ್ತದೆ, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ನೂರು ಜನರ ಬೋಟ್ ಅದು, ರಜೆ ದಿನ ಕ್ಯೂ ಉದ್ದ ಇರುತ್ತದೆ ಅನ್ನೋದನ್ನು ನೆನಪಿಡಿ. ಕೇರಳ ಸರ್ಕಾರದ ಹಳೇ ಬೋಟ್‌ಗಳೂ ಓಡುತ್ತವೆ, ಅವು ಇನ್ನೂ ಅಗ್ಗ. ಸಂಜೆ ಊಟಕ್ಕೆ ಕೂರುವ ಮುಂಚೆ ಕೊನೆಯ ಬೋಟ್ ಎಷ್ಟಕ್ಕೆ ಅಂತ ಕೌಂಟರ್‌ನಲ್ಲಿ ಕೇಳಿಕೊಂಡರೆ ಸಾಕು. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನ್ ಬೇಕಾದರೆ ಅದಕ್ಕೆ ಹೊತ್ತು ಹಿಡಿಯುತ್ತದೆ, ಅದನ್ನು ಮೊದಲು ಹೇಳಿ.

ಪ್ರಶ್ನೆ: ಸಿಗಂದೂರಿಗೆ ಹೋಗುವಾಗ ಅಂಬಾರಗೋಡ್ಲಿನಲ್ಲಿ ಲಾಂಚ್ ಬರುವ ತನಕ ತಿನ್ನಲು ಏನಾದರೂ ಸಿಗುತ್ತಾ, ಇಲ್ಲಾ ಬುತ್ತಿ ಕಟ್ಟಿಕೊಂಡು ಹೋಗೋದಾ?
(ಹಿರಿಯರೊಬ್ಬರು, ಬಸವೇಶ್ವರನಗರ)

ಉತ್ತರ: ಸಾರ್, ಆ ಕಾಯುವಿಕೆಯೇ ಈಗ ಬೇಕಿಲ್ಲ! 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಶರಾವತಿ ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ಗಾಡಿಯಲ್ಲಿ ನಾಲ್ಕೈದು ನಿಮಿಷದ ದಾರಿ. ಸಾಗರ ಪೇಟೆಯಲ್ಲಿ ತಿಂಡಿ ಮುಗಿಸಿ ನೇರ ಹೊರಡಿ. ನೀರು ನೋಡುತ್ತಾ ತಿನ್ನುವ ಆಸೆ ಇದ್ದರೆ ಬುತ್ತಿ ಜೊತೆಗಿರಲಿ, ಆದರೆ ಸೇತುವೆ ಮೇಲೆ ಗಾಡಿ ನಿಲ್ಲಿಸಬೇಡಿ, ಸೇತುವೆ ದಾಟಿದ ಮೇಲೆ ದಡದಲ್ಲಿ ಜಾಗ ನೋಡಿಕೊಂಡು ಬಿಚ್ಚಿ.