ಡೈನೋಸಾರ್ ಎಷ್ಟನೇ ದಿನ ಹುಟ್ಟಿತು, ಟೀಚರ್?

ಈ ವಾರ ಬಂದ ಒಂದು ಪತ್ರ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವಳಿಗೆ 28 ವರ್ಷ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಭಾನುವಾರ ತನ್ನ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಸತ್ಯವೇದ ಕಲಿಸುತ್ತಾಳೆ. ಶುಕ್ರವಾರ ಬೋರ್ಡಿನ ಮೇಲೆ ಜೀವವಿಕಾಸದ ಮರ ಬರೆದ ಕೈಯೇ ಭಾನುವಾರ ಆರು ದಿನದ ಸೃಷ್ಟಿಯ ಚಿತ್ರಕ್ಕೆ ಮಕ್ಕಳಿಂದ ಬಣ್ಣ ಹಚ್ಚಿಸುತ್ತದೆ. ಮೂರು ವರ್ಷದಿಂದ ಹೀಗೇ ನಡೆದಿದೆ. ‘ಅಕ್ಕಾ, ನಾನು ಯಾವ ಕಡೆ ಸುಳ್ಳು ಹೇಳುತ್ತಿದ್ದೇನೆ?’ ಅಂತ ಕೇಳಿದ್ದಾಳೆ. ಯುವಜನರ ಪ್ರಾರ್ಥನಾ ಕೂಟ ನಡೆಸುವ ಸಭೆಯ ಹಿರಿಯರೊಬ್ಬರು ಇವಳನ್ನು ಕರೆದು, ‘ಡಾರ್ವಿನ್ ಬೇಕೋ ಯೇಸು ಬೇಕೋ, ಒಂದನ್ನು ಆರಿಸಿಕೋ’ ಎಂದಿದ್ದಾರೆ. ಅಂದಿನಿಂದ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿಲ್ಲವಂತೆ. ಕೀರ್ತನೆ ಹಾಡುವಾಗ ಮಾತ್ರ ಇನ್ನೂ ಮೈ ಜುಮ್ಮೆನ್ನುತ್ತದಂತೆ. ಕೆಲಸ ಬಿಡಲಾ, ಸಂಡೇ ಸ್ಕೂಲ್ ಬಿಡಲಾ ಅನ್ನುವುದು ಅವಳ ಪ್ರಶ್ನೆ.

ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೆಳಗಡೆ ಇಷ್ಟೇ ಇಷ್ಟು ಜಾಗದಲ್ಲಿ ಹೀಗೆ ಬರೆದಿದ್ದಾಳೆ: ‘ಹೋದ ತಿಂಗಳು ಒಬ್ಬ ಹುಡುಗ, ಡೈನೋಸಾರ್ ಎಷ್ಟನೇ ದಿನ ಹುಟ್ಟಿತು ಟೀಚರ್ ಅಂದ. ಅದನ್ನೆಲ್ಲ ಇಲ್ಲಿ ಕೇಳಬಾರದು ಅಂದುಬಿಟ್ಟೆ. ಈಗ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ.’ ಮುಂದಿನ ಸಾಲಿನಿಂದ ಮತ್ತೆ ಅವಳ ಸಂಕಟವೇ.

ತಂಗಿ, ಆ ಹುಡುಗನನ್ನು ಅಲ್ಲೇ ಬಿಟ್ಟು ಮುಂದೆ ಹೋಗಲು ನನಗೆ ಆಗುತ್ತಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ಮಗು ಕೇಳಿದ ಪ್ರಶ್ನೆಗೆ ಬಾಗಿಲು ಹಾಕುವುದನ್ನು ನಾನು ಸಹಿಸುವುದಿಲ್ಲ. ಅದೂ ದೇವರ ಮನೆಯಲ್ಲಿ! ಅವನು ನಿನ್ನನ್ನು ಪರೀಕ್ಷೆ ಮಾಡಲು ಕೇಳಿರಲಿಲ್ಲ. ನೀನು ಕಲಿಸಿದ ಆರು ದಿನವನ್ನು ಮನಸಾರೆ ನಂಬಿದ. ತನಗೆ ಇಷ್ಟವಾದ ಪ್ರಾಣಿಗೆ ಅದರಲ್ಲಿ ಜಾಗ ಎಲ್ಲಿದೆ ಅಂತ ಹುಡುಕಿದ. ಇಡೀ ತರಗತಿಯಲ್ಲಿ ಪಾಠವನ್ನು ಅಷ್ಟು ನಿಜವೆಂದು ತೆಗೆದುಕೊಂಡವನು ಅವನೊಬ್ಬನೇ ಇರಬಹುದು. ಅವನಿಗೆ ಸಿಕ್ಕಿದ್ದು ‘ಇಲ್ಲಿ ಕೇಳಬಾರದು’. ಹಾಗಾದರೆ ಡೈನೋಸಾರ್ ಬೇರೆಯವರದ್ದು, ದೇವರದ್ದಲ್ಲ ಎಂದು ಅವನಿಗೆ ಅನ್ನಿಸಿರುತ್ತದೆ. ಇನ್ನು ಐದಾರು ವರ್ಷ ಕಳೆದರೆ ಅವನು ಸಭೆಗೆ ಬರುವುದನ್ನೇ ಬಿಡಬಹುದು. ಆಗ ಎಲ್ಲರೂ ಬೈಯುವುದು ವಿಜ್ಞಾನವನ್ನು.

ಇದರಲ್ಲಿ ನಿನ್ನ ತಪ್ಪು ಇದೆ. ಆದರೆ ಜಾಸ್ತಿ ತಪ್ಪು ಆ ಹಿರಿಯರದ್ದು. ನಿನ್ನ ಬಾಯಿಂದ ಆ ಮಾತು ಬರುವಂತೆ ಹೆದರಿಸಿದವರು ಅವರೇ. ‘ಒಂದನ್ನು ಆರಿಸಿಕೋ’ ಎಂಬ ಮಾತು ಯೇಸು ಸ್ವಾಮಿಯದ್ದೂ ಅಲ್ಲ, ಹಳೆಯ ಸಭೆಯದ್ದೂ ಅಲ್ಲ. ಮೂರನೇ ಶತಮಾನದಲ್ಲೇ ಒರಿಜೆನ್ ಎಂಬ ಸಭೆಯ ಪಂಡಿತರು ಕೇಳಿದ್ದರು: ಸೂರ್ಯನೇ ಇಲ್ಲದೆ ಮೊದಲ ಮೂರು ದಿನದ ಬೆಳಗು ಬೈಗು ಹೇಗಾಯಿತು? ಇದನ್ನು ಅಕ್ಷರಕ್ಕೆ ಅಕ್ಷರ ಹಿಡಿಯಬಾರದು ಅನ್ನುವುದಕ್ಕೇ ಅವರು ಅದನ್ನು ಕೇಳಿದ್ದು. ಐದನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟಿನ್ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಬಗ್ಗೆ ಬರೆಯುತ್ತಾ ಇನ್ನೂ ಕಟುವಾಗಿ ಎಚ್ಚರಿಸಿದರು. ಭೂಮಿ, ಆಕಾಶ, ಪ್ರಾಣಿಗಳ ವಿಷಯ ಸಭೆಯ ಹೊರಗಿನವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಅಂಥವರ ಮುಂದೆ ವಿಶ್ವಾಸಿಯೊಬ್ಬ ಸತ್ಯವೇದದ ಹೆಸರಿನಲ್ಲಿ ತಪ್ಪುತಪ್ಪಾಗಿ ಮಾತಾಡಿದರೆ, ಪುನರುತ್ಥಾನದ ಮಾತನ್ನು ಅವರು ಹೇಗೆ ನಂಬುತ್ತಾರೆ ಅಂತ ಕೇಳಿದರು. ಡಾರ್ವಿನ್ ಹುಟ್ಟುವುದಕ್ಕೆ 1400 ವರ್ಷ ಮೊದಲಿನ ಮಾತು ಇದು.

ಇನ್ನು ಡಾರ್ವಿನ್. ಜೀವವಿಕಾಸದ ಬಗ್ಗೆ ಅವರ ದೊಡ್ಡ ಪುಸ್ತಕ ಬಂದದ್ದು 1859ರ ನವೆಂಬರಿನಲ್ಲಿ. ಅದೇ ತಿಂಗಳು ಚಾರ್ಲ್ಸ್ ಕಿಂಗ್ಸ್ಲಿ ಎಂಬ ಆಂಗ್ಲಿಕನ್ ಪಾದ್ರಿ ಅವರಿಗೆ ಪತ್ರ ಬರೆದರು. ದೇವರು ತಾವಾಗಿಯೇ ಬೆಳೆಯಬಲ್ಲ ಜೀವಿಗಳನ್ನು ಸೃಷ್ಟಿಸಿದನು ಅನ್ನುವುದೂ ಅಷ್ಟೇ ಘನವಾದ ಭಾವನೆ ಅನ್ನುವುದು ಅವರ ಮಾತು. ಡಾರ್ವಿನ್ ಆ ಮಾತನ್ನು 1860ರ ಎರಡನೇ ಮುದ್ರಣದಲ್ಲೇ ಸೇರಿಸಿಕೊಂಡರು. ಅಮೆರಿಕದಲ್ಲಿ ಡಾರ್ವಿನ್ ಪರ ನಿಂತ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ದೈವಭಕ್ತ ಕ್ರೈಸ್ತರು. ಆ ಹೊತ್ತಿಗೆ ನಂಬಿಕೆ ಕಳೆದುಕೊಂಡಿದ್ದ ಡಾರ್ವಿನ್ 1879ರಲ್ಲಿ ಒಬ್ಬರಿಗೆ ಉತ್ತರಿಸುತ್ತಾ ಏನು ಬರೆದರು ಗೊತ್ತಾ? ಒಬ್ಬ ಮನುಷ್ಯ ದೇವರನ್ನು ಗಾಢವಾಗಿ ನಂಬಿಕೊಂಡೇ ವಿಕಾಸವಾದವನ್ನೂ ಒಪ್ಪಬಲ್ಲ, ಅದರಲ್ಲಿ ಅನುಮಾನವೇ ಬೇಡ ಅಂತ. ಕಿಂಗ್ಸ್ಲಿ, ಗ್ರೇ ಇಬ್ಬರನ್ನೂ ಉದಾಹರಣೆಗೆ ಕೊಟ್ಟರು. ಆಯ್ಕೆ ಮಾಡು ಎಂದು ಡಾರ್ವಿನ್ ಕೇಳಲಿಲ್ಲ. ನಿಮ್ಮ ಹಿರಿಯರು ಕೇಳುತ್ತಿದ್ದಾರೆ.

ಈಗ ಆದಿಕಾಂಡವನ್ನೇ ತೆಗೆದು ಓದು. ಬೆಳಕು ಮೊದಲನೇ ದಿನ, ಸೂರ್ಯ ನಾಲ್ಕನೇ ದಿನ. ಅದಕ್ಕೆ ಸೂರ್ಯ ಎಂಬ ಹೆಸರನ್ನೂ ಕೊಟ್ಟಿಲ್ಲ, ‘ದೊಡ್ಡ ಬೆಳಕು’ ಅಷ್ಟೇ. ಯಾಕೆ? ಸುತ್ತಲಿನ ಜನರೆಲ್ಲ ಸೂರ್ಯ ಚಂದ್ರರಿಗೆ ಅಡ್ಡಬೀಳುತ್ತಿದ್ದ ಕಾಲ ಅದು. ಅವು ದೇವರಲ್ಲ, ದೇವರು ಹಚ್ಚಿಟ್ಟ ದೀಪಗಳು ಅಂತ ಹೇಳುವುದು ಬರೆದವರ ಉದ್ದೇಶ. ಎರಡನೇ ಅಧ್ಯಾಯಕ್ಕೆ ಬಂದರೆ ಕ್ರಮವೇ ಬದಲಾಗುತ್ತದೆ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ. ಇಲ್ಲಿ ಮನುಷ್ಯ ಮೊದಲು, ಆಮೇಲೆ ಪ್ರಾಣಿಗಳು. ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟವರಿಗೆ ಇದು ಕಾಣದೇ ಇತ್ತಾ? ಅವರಿಗೆ ಬೇಕಿದ್ದದ್ದು ವೇಳಾಪಟ್ಟಿಯಲ್ಲ. ಇನ್ನೊಂದು ಮಾತು ನೋಡು. ದೇವರು ಭೂಮಿಗೆ ಹೇಳುತ್ತಾನೆ, ಜೀವಜಂತುಗಳನ್ನು ನೀನು ಹುಟ್ಟಿಸು ಅಂತ. ಭೂಮಿಗೇ ಆ ಕೆಲಸ ಒಪ್ಪಿಸುತ್ತಾನೆ. ಈ ವಚನ ಓದುವಾಗ ಪ್ರತಿ ಸಲ ನನಗೆ ಕಣ್ಣು ತುಂಬುತ್ತದೆ.

139ನೇ ಕೀರ್ತನೆ ನಿನಗೆ ಬಾಯಿಪಾಠ ಇರಬೇಕು. ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನೇ ಅಂತ ಹಾಡುತ್ತೀಯ. ಮರುದಿನ ಶಾಲೆಯಲ್ಲಿ ಒಂದೇ ಜೀವಕೋಶ ಒಡೆದು ಎರಡಾಗಿ, ನಾಲ್ಕಾಗಿ, ಒಂಬತ್ತು ತಿಂಗಳಲ್ಲಿ ಮಗುವಾಗುವುದನ್ನು ಕಲಿಸುತ್ತೀಯ. ಅಲ್ಲಿ ನಿನಗೆ ಯಾವ ಜಗಳವೂ ಕಾಣಲಿಲ್ಲ ಅಲ್ವಾ? ಒಂದು ಮಗುವನ್ನು ನಿಧಾನವಾಗಿ ಹೆಣೆಯುವ ದೇವರು ಇಡೀ ಜೀವಕುಲವನ್ನು ಮುನ್ನೂರೈವತ್ತು ಕೋಟಿ ವರ್ಷ ಕೂತು ಹೆಣೆದರೆ ಅವನಿಗೇನು ಕಡಿಮೆ?

ಆ ಮೈ ಜುಮ್ಮೆನ್ನುವ ಮಾತಿಗೆ ಬರುತ್ತೇನೆ. ಈ ಸಲ ಹಾಡುವಾಗ ತೋಳನ್ನು ಬಗ್ಗಿ ನೋಡು. ಪ್ರತಿ ಕೂದಲಿನ ಬುಡದಲ್ಲೂ ಸಣ್ಣ ಗುಳ್ಳೆ ಎದ್ದಿರುತ್ತದೆ. ಅಲ್ಲೊಂದು ಪುಟ್ಟ ಸ್ನಾಯು ಇದೆ, ಅದು ಬಿಗಿಯಾದಾಗ ಕೂದಲು ನಿಮಿರುತ್ತದೆ. ತುಪ್ಪಳವಿರುವ ಪ್ರಾಣಿಗೆ ಇದರಿಂದ ಉಪಯೋಗವಿದೆ. ಚಳಿಯಲ್ಲಿ ಬೆಚ್ಚನೆಯ ಗಾಳಿ ತುಪ್ಪಳದೊಳಗೆ ನಿಲ್ಲುತ್ತದೆ. ಹೆದರಿದ ಬೆಕ್ಕು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮ ತುಪ್ಪಳ ಹೋಯಿತು, ಸ್ನಾಯು ಉಳಿಯಿತು. ನಿನ್ನ ತೋಳಿನ ಮೇಲೆ ಎದ್ದಿರುವುದು ಪೂರ್ವಜರು ಬಿಟ್ಟುಹೋದ ಗುರುತು. ಅದು ಈಗ ಎದ್ದಿರುವುದು ದೇವರ ಸ್ತುತಿಗೆ. ಎರಡೂ ನಿನ್ನ ತೋಳಿನ ಮೇಲೇ ಇವೆ, ಒಂದೇ ಕ್ಷಣದಲ್ಲಿ. ಅಲ್ಲಿ ಯಾವುದನ್ನು ಬಿಡುತ್ತೀಯ?

ಎಲ್ಲ ಗಂಟೂ ಬಿಚ್ಚಿತು ಅಂತ ನಾನು ಹೇಳುವುದಿಲ್ಲ. ಆದಾಮನ ಕಥೆಯನ್ನು ಹೇಗೆ ಓದಬೇಕು ಎಂಬುದರಲ್ಲಿ ಒಳ್ಳೆಯ ವಿಶ್ವಾಸಿಗಳಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಅದಕ್ಕಿಂತ ಕಷ್ಟದ್ದು ನೋವಿನ ಪ್ರಶ್ನೆ. ಜೀವವಿಕಾಸದ ದಾರಿಯಲ್ಲಿ ಹಸಿವಿದೆ, ಸಾವಿದೆ, ಅಳಿದುಹೋದ ಲೆಕ್ಕವಿಲ್ಲದಷ್ಟು ಜೀವಿಗಳಿವೆ. ಡಾರ್ವಿನ್ನರ ಮುದ್ದಿನ ಮಗಳು ಆ್ಯನಿ 1851ರಲ್ಲಿ 10ನೇ ವಯಸ್ಸಿಗೆ ತೀರಿಕೊಂಡಳು. ಅವರ ನಂಬಿಕೆ ಸವೆಯುವುದಕ್ಕೆ ಆ ಸಾವೂ ಒಂದು ಕಾರಣ ಎಂದು ಅವರ ಬದುಕನ್ನು ಬರೆದ ಹಲವರು ಹೇಳುತ್ತಾರೆ. ಆ ನೋವಿನ ಮುಂದೆ ವಾದ ಹೂಡುವ ಧೈರ್ಯ ನನಗಿಲ್ಲ. ಸೃಷ್ಟಿಯೆಲ್ಲ ಹೆರಿಗೆಯ ನೋವಿನಲ್ಲಿ ನರಳುತ್ತಿದೆ ಅಂತ ಸತ್ಯವೇದದಲ್ಲಿ ಅಪೊಸ್ತಲ ಪೌಲ ಬರೆದದ್ದನ್ನು ಹಿಡಿದುಕೊಂಡು ನಾನು ಮೊಣಕಾಲೂರುತ್ತೇನೆ. ಅಷ್ಟೇ ನನಗೆ ಗೊತ್ತಿರುವುದು.

ಆದರೆ ಡಾರ್ವಿನ್ನರ ಬದುಕಿನ ಇನ್ನೊಂದು ಸಂಗತಿ ನಿನಗೆ ಬೇಕು. ಮದುವೆಗೆ ಮೊದಲು ಅವರ ತಂದೆ, ನಿನ್ನ ಸಂಶಯಗಳನ್ನು ಹೆಂಡತಿಯಾಗುವವಳಿಂದ ಮುಚ್ಚಿಡು ಎಂದಿದ್ದರು. ಅವರು ಮುಚ್ಚಿಡಲಿಲ್ಲ. ದೇವರಲ್ಲಿ ಭಕ್ತಿಯಿದ್ದ ಎಮ್ಮಾಗೆ ಎಲ್ಲ ಹೇಳಿದರು. ಮದುವೆಯಾದ ಹೊಸದರಲ್ಲಿ ಎಮ್ಮಾ ತನ್ನ ಕಳವಳವನ್ನೆಲ್ಲ ತೋಡಿಕೊಂಡು ಅವರಿಗೆ ಪತ್ರ ಬರೆದರು. ಆ ಪತ್ರವನ್ನು ಅವರು ಜೋಪಾನವಾಗಿಟ್ಟರು. ಇದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಕೆಳಗೆ ಬರೆದಿಟ್ಟರು. ನಂಬಿಕೆ ಬೇರೆಯಾದರೂ ಅವರ ನಡುವೆ ಮಾತು ನಿಲ್ಲಲಿಲ್ಲ. ನಿನ್ನ ತರಗತಿಯಲ್ಲಿ ನಿಂತದ್ದು ಅದೇ. ನಿನ್ನ ಪ್ರಾರ್ಥನೆಯಲ್ಲಿ ಮಾತು ಬರದೆ ಇರುವುದಕ್ಕೂ ಅದೇ ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೆಲಸ ಬಿಡಬೇಡ. ಸಂಡೇ ಸ್ಕೂಲೂ ಬಿಡಬೇಡ. ಹಿರಿಯರ ಹತ್ತಿರ ವಾದಕ್ಕೂ ಹೋಗಬೇಡ, ಅವರು ಕಾಯಲಿ. ನೀನು ಮಾಡಬೇಕಾದ್ದು ಒಂದೇ. ಈ ಭಾನುವಾರ ಪಾಠ ಶುರುವಾಗುವ ಮೊದಲು ಹಿಂದಿನ ಬೆಂಚಿಗೆ ಹೋಗಿ ಆ ಹುಡುಗನ ಪಕ್ಕ ಕೂತುಕೋ. ‘ಅವತ್ತು ನನಗೆ ಭಯವಾಗಿತ್ತು, ಅದಕ್ಕೆ ಬೈದೆ. ನಿನ್ನ ಪ್ರಶ್ನೆ ಒಳ್ಳೆಯದು’ ಅನ್ನು. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು, ಆ ಆರು ದಿನ ನಮ್ಮ ಕ್ಯಾಲೆಂಡರಿನ ದಿನಗಳಲ್ಲ ಅಂತ ನೇರವಾಗಿ ಹೇಳು. ಅವುಗಳ ಒಂದು ಕವಲು ಮಾತ್ರ ಅಳಿಯಲಿಲ್ಲ, ಅದೇ ಇವತ್ತಿನ ಹಕ್ಕಿಗಳು ಅಂತಲೂ ಹೇಳು. ಆಮೇಲೆ ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯ ತೆಗೆದು, ತಂದೆಯನ್ನು ಬಿಟ್ಟು ಒಂದು ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲ ಅನ್ನುವ ವಚನವನ್ನು ಅವನ ಕೈಯಿಂದಲೇ ಓದಿಸು.

ಅವನು ಇನ್ನೊಂದು ಪ್ರಶ್ನೆ ಕೇಳಬಹುದು. ಕೇಳದೆ ಸುಮ್ನೆ ಕೂತರೆ, ಮುಂದಿನ ಭಾನುವಾರವೂ ಹೋಗಿ ಪಕ್ಕದಲ್ಲಿ ಕೂತುಕೋ.