ಟೈಮ್‌ಶೀಟಿಗೆ ಸೇರದ 23 ಗಂಟೆ

ನಾನು ಆಪ್ತ ಸಲಹೆಗಾರ್ತಿ. ಲೆಕ್ಕಪತ್ರದ ಕೆಲಸದಲ್ಲಿರುವವರು ನನ್ನ ಹತ್ತಿರ ಬರುವುದಕ್ಕೂ ಒಂದು ಸೀಸನ್ ಇದೆ. ಡಿಸೆಂಬರ್ 31ಕ್ಕೆ ವರ್ಷ ಮುಗಿಸುವ ಕಂಪನಿಗಳ ಆಡಿಟ್ ಮಾಡುವವರು ಒಂದು ಹೊತ್ತಿಗೆ ಬರುತ್ತಾರೆ, ಮಾರ್ಚ್ 31ರವರು ಇನ್ನೊಂದು ಹೊತ್ತಿಗೆ. ಬಂದವರು ಕೇಳುವುದು ಮಾತ್ರ ಹೆಚ್ಚುಕಡಿಮೆ ಒಂದನ್ನೇ: "ಮೇಡಂ, ನಂಗೆ ಟೈಮ್ ಮ್ಯಾನೇಜ್‌ಮೆಂಟ್ ಹೇಳಿಕೊಡಿ."

ಕೆಲಸ ಜಾಸ್ತಿ ಆಯ್ತು ಅಂತ ಬರುವವರು ಕಡಿಮೆ. ನಾನು ನಿಧಾನ, ನನ್ನಲ್ಲೇ ಏನೋ ಕೊರತೆ ಇದೆ ಅಂತಲೇ ಬರುತ್ತಾರೆ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆ ಓದಿ ಒಪ್ಪಿದ ಮೇಲೆಯೇ ಇದು ಹೊರಗೆ ಬರುತ್ತಿದೆ.

ಆಕೆಗೆ ಮೂವತ್ತು ದಾಟಿದೆ. ಆಡಿಟ್ ಸಂಸ್ಥೆಯೊಂದರಲ್ಲಿ ಸೀನಿಯರ್. ಕೆಳಗೆ ಇಬ್ಬರು ಜೂನಿಯರ್‌ಗಳು, ಮೇಲೆ ಮ್ಯಾನೇಜರ್, ಅವರ ಮೇಲೆ ಪಾರ್ಟ್ನರ್. ಮನೆಯಲ್ಲಿ ಗಂಡ, ಶಾಲೆಗೆ ಹೋಗಲು ಶುರು ಮಾಡಿದ ಮಗ. ನಿದ್ದೆ ಸರಿಯಿಲ್ಲ, ಸಿಟ್ಟು ಬೇಗ ಬರುತ್ತದೆ, ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ಎದೆನೋವು, ಸಾಯುವ ಯೋಚನೆ ಇವೆಯಾ ಅಂತ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮುಂದೆ ಬರೆಯುವ ಯಾವ ಸಲಹೆಯೂ ಮೊದಲು ಬರುತ್ತಿರಲಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಆ ದಿನ ಆಕೆ ಹೇಳಿದ ಒಂದು ಮಾತು ಮಾತ್ರ ನನಗೆ ಸರಿ ಕಾಣಲಿಲ್ಲ. "ಕೆಲವು ವರ್ಕಿಂಗ್ ಪೇಪರ್ ಈಗ ನೋಡೋದೇ ಇಲ್ಲ ಮೇಡಂ, ಟಿಕ್ ಹಾಕಿ ಮುಂದೆ ಹೋಗ್ತೀನಿ" ಅಂತ ನಕ್ಕರು. ಆಡಿಟ್‌ನಲ್ಲಿ ಏನೇನು ಪರೀಕ್ಷಿಸಿದೆವು ಅಂತ ಬರೆದಿಡುವ ಹಾಳೆಗಳು ಅವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು ವಿವರಿಸುವಾಗ ಮೂರು ಲಕ್ಷಣ ಹೇಳಿತು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ತಾತ್ಸಾರ ಬರುವುದು, ಕೆಲಸ ಕೈಗೆ ಹತ್ತದಿರುವುದು. ಅದನ್ನು ಕಾಯಿಲೆ ಅಂತ ಪಟ್ಟಿ ಮಾಡಿಲ್ಲ, ಕೆಲಸದ ಜಾಗದ ಸಮಸ್ಯೆ ಅಂತ ಮಾಡಿದೆ. ದಣಿವನ್ನು ಎಲ್ಲರೂ ಗುರುತಿಸುತ್ತಾರೆ. ಈ ತಾತ್ಸಾರದ ನಗು ಸುಲಭಕ್ಕೆ ಗೊತ್ತಾಗುವುದಿಲ್ಲ. ಆಡಿಟರ್ ಒಬ್ಬರು ಹಾಗೆ ನಕ್ಕರೆ ಅದು ಅವರೊಬ್ಬರ ವಿಷಯವಾಗಿ ಉಳಿಯುವುದೂ ಇಲ್ಲ, ಅವರ ಟಿಕ್ ನಂಬಿ ಹಣ ಹಾಕುವವರು ಇರುತ್ತಾರಲ್ಲ.

ಟೈಮ್ ಮ್ಯಾನೇಜ್‌ಮೆಂಟ್ ಹೇಳಿಕೊಡಲಿಲ್ಲ. ಮುಂದಿನ ಸಲ ಬರುವಾಗ ಒಂದು ವಾರದ ಟೈಮ್‌ಶೀಟ್, ಅಂದರೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಆಫೀಸಿಗೆ ಬರೆದು ಕೊಡುವ ಹಾಳೆ, ತನ್ನಿ, ಕ್ಲೈಂಟ್ ಹೆಸರುಗಳನ್ನು ಮುಚ್ಚಿ ತನ್ನಿ ಅಂದೆ. ಅದೇ ವಾರದಲ್ಲಿ ಲ್ಯಾಪ್‌ಟಾಪ್ ಎಷ್ಟು ಹೊತ್ತಿಗೆ ತೆರೆದಿರಿ, ಎಷ್ಟು ಹೊತ್ತಿಗೆ ಮುಚ್ಚಿದಿರಿ ಅಂತ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ನಡುವೆ ಎದ್ದು ಹೋದದ್ದನ್ನು ಕಳೆಯಿರಿ ಅಂದೆ.

ಎರಡನೇ ಭೇಟಿಗೆ ಆಕೆ ತಂದಿದ್ದು ಎರಡು ಹಾಳೆ. ಟೈಮ್‌ಶೀಟಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಎಂಟು, ಎಂಟು, ಎಂಟು, ಎಂಟು, ಎಂಟು. ಶನಿವಾರ ನಾಲ್ಕು. ಒಟ್ಟು 44. ಇನ್ನೊಂದು ಹಾಳೆಯಲ್ಲಿ ಹನ್ನೆರಡೂವರೆ, ಹದಿಮೂರು, ಹನ್ನೊಂದೂವರೆ, ಹದಿಮೂರೂವರೆ, ಹನ್ನೊಂದು, ಶನಿವಾರ ಐದೂವರೆ. ಒಟ್ಟು 67.

ನಾನು ಏನೂ ಹೇಳಬೇಕಾಗಲಿಲ್ಲ. ಪೆನ್ ಕೊಟ್ಟೆ, ಅಷ್ಟೆ. ಅಭ್ಯಾಸಬಲ ನೋಡಿ, ಆಕೆ ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡುವ ಹಾಗೆ ಸಾಲು ಸಾಲಾಗಿ ವ್ಯತ್ಯಾಸ ಬರೆಯುತ್ತಾ ಹೋದರು. ಕೆಳಗೆ 23 ಅಂತ ಬರೆದು ಎರಡು ಗೆರೆ ಎಳೆದರು. ಮೇಲಿನಿಂದ ಇನ್ನೊಂದು ಸಲ ಕೂಡಿದರು. ಮತ್ತೆ 23.

"ಕ್ಲೈಂಟ್ ಪುಸ್ತಕದಲ್ಲಿ ಇಂಥ ವ್ಯತ್ಯಾಸ ಸಿಕ್ಕಿದ್ರೆ ಏನ್ ಮಾಡ್ತೀರಿ?" ಅಂತ ಕೇಳಿದೆ.

"ಸಹಿ ಹಾಕೋಕೆ ಬಿಡಲ್ಲ. ಖರ್ಚು ಮುಚ್ಚಿಟ್ಟಿದ್ದಾರೆ ಅಂತ ಬರೀತೀನಿ." ಹೇಳಿ ಮುಗಿಸುವ ಮೊದಲೇ ಮುಖ ಬಿಗಿಯಾಯಿತು. "ಆದ್ರೆ ಪೂರ್ತಿ ಬರೆದ್ರೆ ನಾನು ನಿಧಾನ ಅಂತ ಆಗತ್ತೆ ಮೇಡಂ. ಆ ಕೆಲಸಕ್ಕೆ ಬಜೆಟ್ ಇರೋದೇ 180 ಗಂಟೆ."

"ಆ 180 ಎಲ್ಲಿಂದ ಬಂತು?"

"ಹೋದ ವರ್ಷದ ಆಕ್ಚುವಲ್ಸ್, ಅಂದ್ರೆ ಟೈಮ್‌ಶೀಟ್‌ನಲ್ಲಿ ಬಂದ ಗಂಟೆ ನೋಡಿ ಹಾಕ್ತಾರೆ."

"ಹೋದ ವರ್ಷ ಆ ಕೆಲಸ ಮಾಡಿದ ಸೀನಿಯರ್ ಯಾರು?"

ಆಕೆ ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದರು. ಆಮೇಲೆ ಹೇಳಿದರು: "ನಾನೇ."

ಅದೇ ಈ ಪ್ರಕರಣ. ಈ ವರ್ಷ ಆಕೆ ಸೋಲುತ್ತಿದ್ದುದು ತಾನೇ ಬರೆದ ಸುಳ್ಳು ಸಂಖ್ಯೆಯ ಮುಂದೆ. ಹೋದ ವರ್ಷವೂ ಗಂಟೆ ಮುಚ್ಚಿಟ್ಟಿದ್ದರು, ಅದರ ಹಿಂದಿನ ವರ್ಷದ ಸೀನಿಯರ್ ಮುಚ್ಚಿಟ್ಟಿದ್ದಕ್ಕೆ ಸರಿಹೊಂದಿಸಲು. ಆ ಹಿಂದಿನವರು ಕೆಲಸ ಬಿಟ್ಟು ಹೋಗಿದ್ದರು. ಅವರೂ ತಾವು ನಿಧಾನ ಅಂದುಕೊಂಡೇ ಹೋಗಿರಬಹುದು ಅಂತ ಆಕೆ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಈ ವೃತ್ತಿಯ ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಆಡಿಟ್ ಕೆಲಸಕ್ಕೆ ಸಾಮಾನ್ಯವಾಗಿ ಫೀ ಮೊದಲೇ ನಿಗದಿಯಾಗಿರುತ್ತದೆ. ಫೀ ಅಷ್ಟೇ ಇದ್ದು ಗಂಟೆ ಜಾಸ್ತಿಯಾದರೆ ಗಂಟೆಗೆ ಸಿಕ್ಕ ದುಡ್ಡು ಇಳಿಯುತ್ತದೆ. ರಿಕವರಿ ಬಿತ್ತು ಅನ್ನುತ್ತಾರೆ. ಮ್ಯಾನೇಜರ್‌ಗಳನ್ನು ಅಳೆಯುವುದೂ ಅದರಲ್ಲೇ. ಹಾಗಾಗಿ ಗಂಟೆ ಮುಚ್ಚಿಡು ಅಂತ ಯಾರೂ ಬಾಯಿಬಿಟ್ಟು ಹೇಳುವ ಅಗತ್ಯ ಬರುವುದಿಲ್ಲ. "ಇದಕ್ಕೆ ಇಷ್ಟು ಹೊತ್ತು ಯಾಕೆ ಬೇಕಾಯ್ತು?" ಅಂತ ಒಂದು ಸಲ ಕೇಳಿದರೆ ಸಾಕು. ಮುಂದಿನ ವಾರ ಎಲ್ಲರ ಟೈಮ್‌ಶೀಟಿನಲ್ಲೂ ಎಂಟು. ಎಲ್ಲರದ್ದೂ ಎಂಟು ಆದ ಮೇಲೆ ಒಬ್ಬೊಬ್ಬರೂ ತಮ್ಮ ಕೋಣೆಯಲ್ಲಿ ಕೂತು, ನಿಧಾನ ಇರುವುದು ನಾನೊಬ್ಬಳೇ ಅಂತ ನಂಬುತ್ತಾರೆ.

ನಾನು ಕೊಟ್ಟ ಸಲಹೆ ಇದು. ನಡೆಯುತ್ತಿರುವ ಕೆಲಸದ ಟೈಮ್‌ಶೀಟನ್ನು ಅರ್ಧದಲ್ಲಿ ಬದಲಿಸಲು ಹೋಗಬೇಡಿ, ಅದು ಜಗಳದ ಹಾಗೆ ಕಾಣುತ್ತದೆ. ಮುಂದಿನ ಅಸೈನ್‌ಮೆಂಟ್ ಶುರುವಾಗುವ ಮೊದಲು ಮ್ಯಾನೇಜರ್ ಹತ್ತಿರ ಹೋಗಿ, ಇನ್ನು ಮೇಲೆ ನಿಜವಾದ ಗಂಟೆ ಬರೆಯುತ್ತೇನೆ ಅಂತ ಹೇಳಿ. ಬರೀ ಗಂಟೆ ಬರೆಯಬೇಡಿ, ಅದು ಎಲ್ಲಿಗೆ ಹೋಯಿತು ಅಂತಲೂ ಬರೆಯಿರಿ. ಕ್ಲೈಂಟ್ ಶೆಡ್ಯೂಲ್ (ಲೆಕ್ಕದ ವಿವರಪಟ್ಟಿ) ತಡವಾಗಿ ಕೊಟ್ಟಿದ್ದು ಒಂದು ಸಾಲು, ರಿವ್ಯೂ ಆದ ಮೇಲೆ ಮತ್ತೆ ಮಾಡಿದ್ದು ಒಂದು ಸಾಲು, ಜೂನಿಯರ್‌ಗೆ ಕಲಿಸಿದ್ದು ಇನ್ನೊಂದು. ಮತ್ತೆ, ಅಂದಾಜು ಮತ್ತು ತೀರ್ಮಾನ ಬೇಕಾದ ಪೇಪರ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ, ರಾತ್ರಿ ಕೂರಲೇಬೇಕಾದರೆ ಫೈಲ್ ಜೋಡಿಸುವಂಥದ್ದು ಮಾಡಿ. ಈ ಕೊನೆಯದಕ್ಕೆ ಕಾರಣ ಇದೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರಷ್ಟಕ್ಕೆ ಇಳಿದಿತ್ತು. ಬೆಳಗ್ಗೆ ಆರಕ್ಕೆ ಎದ್ದವರಿಗೆ ಅದು ರಾತ್ರಿ ಹನ್ನೊಂದು. ಅವತ್ತು ನಮ್ಮ ಲೆಕ್ಕದ ಪ್ರಕಾರ ಆಕೆ ಕಷ್ಟದ ಪೇಪರ್‌ಗಳನ್ನೆಲ್ಲ ಮಗ ಮಲಗಿದ ಮೇಲೆ ತೆಗೆಯುತ್ತಿದ್ದರು, ಆಗಲೇ ನಿಶ್ಶಬ್ದ ಅಂತ.

ಈ ಸಲಹೆಯನ್ನು ನನ್ನ ಜೊತೆಯ ಸಲಹೆಗಾರರೇ ಕೆಲವರು ಒಪ್ಪಲಿಲ್ಲ. ದಣಿದ ಹುಡುಗಿಯನ್ನು ಸಂಸ್ಥೆಯ ಎದುರು ನಿಲ್ಲಿಸುತ್ತಿದ್ದೀರಿ ಅಂತ ಒಬ್ಬರು. ಕೆಲಸ ಬಿಡು ಅಂತ ಹೇಳಬೇಕಿತ್ತು ಅಂತ ಇನ್ನೊಬ್ಬರು. ಉಸಿರಾಟದ ಅಭ್ಯಾಸ, ಗಡಿ ಹಾಕಿಕೊಳ್ಳುವುದು ಇವೆಲ್ಲ ಎಲ್ಲಿ ಅಂತ ಮೂರನೆಯವರು.

ಉಸಿರಾಟ ಒಳ್ಳೆಯದೇ. ಆದರೆ ವಾರಕ್ಕೆ 67 ಗಂಟೆ ಅನ್ನುವುದು ಮನಸ್ಸಿನ ಭಾವನೆ ಅಲ್ಲ, ದೇಹಕ್ಕೆ ಬೀಳುವ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಸೇರಿ ಪ್ರಕಟಿಸಿದ ಅಂದಾಜಿನಲ್ಲಿ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35 ಜಾಸ್ತಿ ಇತ್ತು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17 ಜಾಸ್ತಿ. ಅಂಥ ಹೊರೆ ಇಳಿಯಬೇಕಾದರೆ ಅದು ಇದೆ ಅಂತ ಮೊದಲು ಎಲ್ಲಾದರೂ ದಾಖಲಾಗಬೇಕು. ಈಗ ದಾಖಲೆಯಲ್ಲಿ ಇರುವುದು 44. 44 ಗಂಟೆ ಮಾಡುವವರಿಗೆ ಇನ್ನೊಬ್ಬ ಜೂನಿಯರ್ ಯಾಕೆ ಕೊಡುತ್ತಾರೆ? ಕಡಿಮೆ ಗಂಟೆ ಬರೆದು, ಯಾರೂ ನನ್ನ ಕಷ್ಟ ನೋಡುವುದಿಲ್ಲ ಅಂತ ಅತ್ತರೆ ನೋಡುವುದಾದರೂ ಹೇಗೆ?

ಕೆಲಸ ಬಿಡುವ ವಿಷಯಕ್ಕೂ ನನ್ನದೊಂದು ಹಟ ಇದೆ. ಸೀಸನ್ ನಡುವೆ ಆ ತೀರ್ಮಾನ ಮಾಡಬೇಡಿ ಅಂತಲೇ ಹೇಳುತ್ತೇನೆ. ನಾನು ನಿಧಾನ ಅಂತ ನಂಬಿಕೊಂಡು ಬಿಟ್ಟವರು ಮುಂದಿನ ಜಾಗದಲ್ಲೂ ಮೊದಲ ವಾರದಿಂದಲೇ ಎಂಟು ಬರೆಯಲು ಶುರು ಮಾಡುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬಿಡುವುದಿದ್ದರೆ ನಿಜವಾದ ಲೆಕ್ಕ ಕೈಯಲ್ಲಿಟ್ಟುಕೊಂಡು ಬಿಡಲಿ.

ಎದುರು ನಿಲ್ಲಿಸಿದ ಮಾತು ಸ್ವಲ್ಪ ನಿಜ. ಪ್ರೊಬೇಷನ್‌ನಲ್ಲಿ ಇರುವವರಿಗೆ, ಆ ಸಂಬಳವೊಂದನ್ನೇ ನಂಬಿ ಮನೆ ನಡೆಸುವವರಿಗೆ ಇದನ್ನೇ ಇದೇ ವೇಗದಲ್ಲಿ ಹೇಳುವುದಿಲ್ಲ. ಅವರಿಗೆ ಮೊದಲು ತಮ್ಮ ಸ್ವಂತ ಪುಸ್ತಕದಲ್ಲಿ ಬರೆಯಿರಿ, ಸಾಕು ಅನ್ನುತ್ತೇನೆ. ಈಕೆಗೆ ಸಂಸ್ಥೆಯಲ್ಲಿ ಒಳ್ಳೆ ಹೆಸರಿತ್ತು, ಗಂಡನಿಗೂ ಸಂಬಳವಿತ್ತು. ಅದನ್ನು ನೋಡಿಯೇ ಹೇಳಿದ್ದು.

ಮುಂದೆ ಆಗಿದ್ದು ಚೆನ್ನಾಗೇನೂ ಇಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ಮ್ಯಾನೇಜರ್ ಮೊದಲು ಸಿಡಿಮಿಡಿಗೊಂಡರು. "ನೀನು ಹೀಗೆ ಬರೆದ್ರೆ ನನ್ನ ರಿಕವರಿ ಏನಾಗ್ಬೇಕು?" ಅಂದರಂತೆ. ಆಕೆ ಮೂರು ಸಾಲಿನ ಲೆಕ್ಕ ಮುಂದಿಟ್ಟರು. ಹೆಚ್ಚಿನ ಗಂಟೆಗಳಲ್ಲಿ ದೊಡ್ಡ ಪಾಲು ಕ್ಲೈಂಟ್ ತಡ ಮಾಡಿದ್ದರಿಂದಲೇ ಬಂದಿತ್ತು. ಅದಕ್ಕೆ ಹೆಚ್ಚುವರಿ ಫೀ ಕೇಳಲು ಪಾರ್ಟ್ನರ್ ಒಪ್ಪಿದರು. ಕ್ಲೈಂಟ್ ಕೇಳಿದಷ್ಟು ಕೊಡಲಿಲ್ಲ, ಆದರೆ ಮುಂದಿನ ಸಲ ಶೆಡ್ಯೂಲ್ ಬೇಗ ಕಳಿಸಿದರು. ಕೊನೆಯ ಎರಡು ವಾರಕ್ಕೆ ಇನ್ನೊಬ್ಬ ಜೂನಿಯರ್ ಸಿಕ್ಕಿದ. ಆ ವರ್ಷದ ರೇಟಿಂಗ್ ಮಾತ್ರ ಒಂದು ಮೆಟ್ಟಿಲು ಕೆಳಗೆ ಬಂತು. ಆಕೆ ನನ್ನ ಮೇಲೆ ಸಿಟ್ಟಾಗಿ ಒಂದು ಭೇಟಿ ತಪ್ಪಿಸಿದರು. ಆಮೇಲೆ ಬಂದರು. ಸಿಟ್ಟು ಹೋಗಿದೆ ಅಂತ ನಾನು ಹೇಳಲಾರೆ. ನಿದ್ದೆ ಮಾತ್ರ ಬರುತ್ತಿದೆ. "ನಾನು ನಿಧಾನ" ಅನ್ನುವ ಮಾತು ಬಂದು ಬಹಳ ದಿನ ಆಯಿತು.

ಇದನ್ನು ಓದಿದ ಕೂಡಲೇ ಬರುವ ಪ್ರಶ್ನೆ ನನಗೆ ಗೊತ್ತು: ಎಂಟೇ ಬರಿ ಅಂತ ಮ್ಯಾನೇಜರ್ ನೇರವಾಗಿ ಹೇಳಿದರೆ? ಅಕೌಂಟೆಂಟ್‌ಗಳಿಗಾಗಿ ಇರುವ ಅಂತರರಾಷ್ಟ್ರೀಯ ನೀತಿಸಂಹಿತೆಯಲ್ಲಿ ಒತ್ತಡದ ಬಗ್ಗೆಯೇ ಒಂದು ವಿಭಾಗ ಇದೆ, ಸಂಖ್ಯೆ 270. ಕೆಲಸದ ವ್ಯಾಪ್ತಿ ಕಡಿಮೆ ಮಾಡು ಅನ್ನುವುದು, ಸಾಧ್ಯವಾಗದ ಗಡುವಿನಲ್ಲಿ ಮುಗಿಸು ಅನ್ನುವುದು, ಇವು ಅಲ್ಲಿ ಉದಾಹರಣೆಯಾಗಿಯೇ ಬರುತ್ತವೆ. ಒತ್ತಡ ಹಾಕುವವರ ಜೊತೆ ಮಾತಾಡು, ಆಗದಿದ್ದರೆ ಅವರ ಮೇಲಿನವರ ಜೊತೆ ಮಾತಾಡು, ನಡೆದಿದ್ದನ್ನು ಬರೆದಿಟ್ಟುಕೋ ಅನ್ನುವ ದಾರಿಗಳೂ ಅಲ್ಲೇ ಇವೆ. ಜಗಳಕ್ಕೆ ಇಳಿಯಬೇಕಿಲ್ಲ. "ಸರ್, ನಿಜವಾಗಿ ಆಗಿದ್ದು ಹದಿಮೂರು. ಎಂಟು ಅಂತ ಬರೆಯಲು ಹೇಳಿದಿರಿ, ನಾನು ಅರ್ಥ ಮಾಡಿಕೊಂಡಿದ್ದು ಸರಿನಾ?" ಅಂತ ಎರಡು ಸಾಲಿನ ಮೇಲ್ ಹಾಕಿ. ಈಕೆಗೂ ಅದನ್ನು ಬರೆದು ಕೊಟ್ಟಿದ್ದೆ. ಕಳಿಸುವ ಅಗತ್ಯ ಬೀಳಲಿಲ್ಲ, ಡ್ರಾಫ್ಟ್‌ನಲ್ಲಿ ಹಾಗೇ ಇದೆ ಅಂತ ಹೋದ ಭೇಟಿಯಲ್ಲಿ ಹೇಳಿದರು. ತಂಡದ ಇಬ್ಬರು ಜೂನಿಯರ್‌ಗಳಿಗೂ ಕೊಟ್ಟಿದ್ದಾರಂತೆ.